ಕಾರಿನ ಹೆಡ್‌ಲೈಟ್ ಮನೆಯಲ್ಲೇ ಬಿಚ್ಚುವ ಮುನ್ನ ತಿಳಿದಿರಬೇಕಾದ್ದು

ಕಾರಿನ ಹೆಡ್‌ಲೈಟನ್ನು ಮನೆಯಲ್ಲೇ ಬಿಚ್ಚಬಹುದು. ಒಂದು ಹೀಟ್ ಗನ್, ಒಂದೆರಡು ಸ್ಕ್ರೂಡ್ರೈವರ್, ಒಂದಿಷ್ಟು ತಾಳ್ಮೆ ಇದ್ದರೆ ಸಾಕು. ವಿಡಿಯೊ ನೋಡಿ ಮಾಡಿಕೊಳ್ಳುವವರು ಈಗ ಜಾಸ್ತಿ ಆಗಿದ್ದಾರೆ. ಒಳಗಿನ ಕ್ರೋಮ್‌ಗೆ ಕಪ್ಪು ಬಣ್ಣ ಹೊಡೆಯುತ್ತಾರೆ, ದಪ್ಪ ಲೆನ್ಸ್ ಮೂಲಕ ಬೆಳಕು ಬಿಡುವ ಪ್ರೊಜೆಕ್ಟರ್ ದೀಪ ಕೂರಿಸುತ್ತಾರೆ, ಎಲ್‌ಇಡಿ ಪಟ್ಟಿ ಅಂಟಿಸುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಮೊದಲ ಮಳೆಗೇ ಒಳಗೆ ನೀರು ನಿಲ್ಲುತ್ತದೆ, ಇಲ್ಲವೇ ಎದುರಿನಿಂದ ಬರುವವರೆಲ್ಲ ಡಿಪ್-ಡಿಮ್ ಮಾಡಿ ಬೈಯುತ್ತಾರೆ. ಬಿಚ್ಚುವ ವಿಧಾನವನ್ನು ಎಲ್ಲರೂ ತೋರಿಸುತ್ತಾರೆ. ಒಳಗಿರುವ ಪ್ರತಿ ಭಾಗ ಯಾಕೆ ಅಲ್ಲೇ ಇದೆ ಎಂದು ಹೇಳುವವರು ಕಡಿಮೆ. ಅದು ಗೊತ್ತಾದರೆ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಒಳಗೆ ಏನಿದೆ

ಅಂಬಾಸಿಡರ್, ಪದ್ಮಿನಿ ಕಾಲದ ದುಂಡನೆಯ ಹೆಡ್‌ಲೈಟಿನಲ್ಲಿ ಮುಂದಿನ ಗಾಜಿಗೇ ಗೆರೆಗಳಿರುತ್ತಿದ್ದವು. ಬೆಳಕನ್ನು ರಸ್ತೆಯ ಮೇಲೆ ಹರಡುವ ಕೆಲಸ ಆ ಗೆರೆಗಳದ್ದು. ಈಗಿನ ಕಾರುಗಳಲ್ಲಿ ಮುಂದೆ ಕಾಣುವುದು ಗಾಜೇ ಅಲ್ಲ, ಪಾಲಿಕಾರ್ಬನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದು ಬರೀ ಮುಚ್ಚಳ, ಲೆನ್ಸ್ ಎಂದು ಕರೆಯುವುದು ಇದನ್ನೇ. ಬೆಳಕನ್ನು ತಿದ್ದುವ ಕೆಲಸ ಒಳಗಿನ ರಿಫ್ಲೆಕ್ಟರ್‌ಗೆ ಬಂದಿದೆ. ನಮ್ಮ ಮೆಕ್ಯಾನಿಕ್‌ಗಳು ಡೂಮ್ ಎನ್ನುವುದು ಈ ಇಡೀ ಬುರುಡೆಗೆ.

ಹಿಂದಿನ ಕಪ್ಪು ಡಬ್ಬಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನದು. ಅದರ ಅಂಚಿನಲ್ಲಿ ಸುತ್ತಲೂ ಒಂದು ಕಾಲುವೆ ಇರುತ್ತದೆ. ಆ ಕಾಲುವೆಯಲ್ಲಿ ಅಂಟು, ಅಂಟಿನೊಳಗೆ ಮುಂದಿನ ಲೆನ್ಸ್‌ನ ಅಂಚು. ಡಬ್ಬಿಯ ಒಳಗೆ ರಿಫ್ಲೆಕ್ಟರ್, ಅದರ ಸುತ್ತ ಅಂದಕ್ಕೆಂದು ಕೂರಿಸಿದ ಚೌಕಟ್ಟು, ಅಂದರೆ ಬೆಜೆಲ್. ಹಿಂದೆ ಬಲ್ಬಿನ ಹೋಲ್ಡರ್, ರಬ್ಬರ್ ಮುಚ್ಚಳ, ಬೆಳಕಿನ ಎತ್ತರ ತಿದ್ದುವ ಸ್ಕ್ರೂ, ಗಾಳಿಯಾಡಲು ಒಂದೆರಡು ಪುಟ್ಟ ರಂಧ್ರ.

ರಿಫ್ಲೆಕ್ಟರ್ ಹೊಳೆಯುವುದು ಅಲ್ಯೂಮಿನಿಯಂ ಲೇಪದಿಂದ. ನಿರ್ವಾತದಲ್ಲಿ ಕೂರಿಸಿದ ಈ ಲೇಪ ಒಂದು ಮೈಕ್ರಾನ್‌ಗಿಂತಲೂ ತೆಳು. ಬೆರಳು ತಾಗಿದರೆ ಗುರುತು ಉಳಿಯುತ್ತದೆ. ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಮತ್ತೆ ಹೊಳಪು ತರಲು ಮನೆಯಲ್ಲಿ ದಾರಿಯಿಲ್ಲ. ಧೂಳು ಕೂತಿದ್ದರೆ ಗಾಳಿ ಊದಿ ತೆಗೆಯಬೇಕು, ಅಷ್ಟೇ.

ಒಂದು ಮಿಲಿಮೀಟರ್‌ನ ಲೆಕ್ಕ

ಆಲ್ಟೊ, ವ್ಯಾಗನ್ ಆರ್‌ನಂಥ ಎಷ್ಟೋ ಕಾರುಗಳಲ್ಲಿ ಬಂದಿರುವುದು ಎಚ್4 ಹ್ಯಾಲೊಜನ್ ಬಲ್ಬು. 1971ರಲ್ಲಿ ಬಂದ ವಿನ್ಯಾಸ ಇದು. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್: ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಲೋ ಬೀಮ್ ಫಿಲಮೆಂಟಿನ ಕೆಳಗೆ ಚಿಕ್ಕದೊಂದು ಲೋಹದ ಬಟ್ಟಲು ಇರುತ್ತದೆ. ಬಲ್ಬನ್ನು ಹೊರಗೆ ತೆಗೆದು ನೋಡಿದರೆ ಅದು ಕಾಣುತ್ತದೆ. ಕೆಳಕ್ಕೆ ಹೋಗುವ ಬೆಳಕನ್ನು ಈ ಬಟ್ಟಲು ತಡೆಯುತ್ತದೆ. ಹಾಗಾಗಿ ಬೆಳಕು ರಿಫ್ಲೆಕ್ಟರ್‌ನ ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು ಕೆಳಮುಖವಾಗಿ ರಸ್ತೆಗೆ ಹೋಗುತ್ತದೆ. ಬಟ್ಟಲಿನ ಒಂದು ಅಂಚು 15 ಡಿಗ್ರಿ ಓರೆಯಾಗಿರುತ್ತದೆ. ನಾವು ಎಡಗಡೆ ಓಡಿಸುವವರು. ಎಡಪಕ್ಕದ ರಸ್ತೆ ಅಂಚು, ನಡೆದು ಹೋಗುವವರು ಕಾಣಲಿ ಎಂದು ಬೆಳಕು ಎಡಕ್ಕೆ ಸ್ವಲ್ಪ ಮೇಲೇರುತ್ತದೆ. ಬಲಕ್ಕೆ, ಅಂದರೆ ಎದುರಿನವರ ಕಡೆ, ತಗ್ಗಿಯೇ ಇರುತ್ತದೆ.

ಇಷ್ಟೆಲ್ಲ ಆಗುವುದು ಫಿಲಮೆಂಟ್ ಸರಿಯಾದ ಜಾಗದಲ್ಲಿದ್ದರೆ ಮಾತ್ರ. ರಿಫ್ಲೆಕ್ಟರ್‌ನ ಫೋಕಸ್ ದೂರ 25 ಮಿ.ಮೀ. ಎಂದುಕೊಳ್ಳಿ. ಬೆಳಕಿನ ಮೂಲ ಅಲ್ಲಿಂದ 1 ಮಿ.ಮೀ. ಮೇಲೆ ಅಥವಾ ಕೆಳಗೆ ಸರಿದರೆ ಕಿರಣ ಸುಮಾರು 25ರಲ್ಲಿ ಒಂದು ಭಾಗದಷ್ಟು ವಾಲುತ್ತದೆ. ಅಂದರೆ 25 ಮೀಟರ್ ದೂರದಲ್ಲಿ ಒಂದು ಮೀಟರ್ ವ್ಯತ್ಯಾಸ! ಲೋ ಬೀಮ್ ಕೆಳಕ್ಕೆ ಬಾಗಿರಬೇಕಾದದ್ದು ಅದೇ 25 ಮೀಟರ್‌ಗೆ 25ರಿಂದ 38 ಸೆಂಟಿಮೀಟರ್ ಮಾತ್ರ. ಒಂದು ಮಿಲಿಮೀಟರ್ ತಪ್ಪಿದರೆ ರಸ್ತೆಗೆ ಬೀಳಬೇಕಾದ ಬೆಳಕು ಎದುರಿನ ಸ್ಕೂಟರ್ ಸವಾರನ ಕಣ್ಣಿಗೆ ಬೀಳುತ್ತದೆ ಎಂದಾಯಿತು.

ಹ್ಯಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರ್‌ಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕಿದರೆ ಆಗುವ ತೊಂದರೆ ಇದೇ. ಎಲ್‌ಇಡಿಯಲ್ಲಿ ಚಿಪ್‌ಗಳು ಒಂದು ಪಟ್ಟಿಯ ಎರಡು ಬದಿಗೆ ಇರುತ್ತವೆ. ಅವುಗಳ ಆಕಾರವೂ ಜಾಗವೂ ಫಿಲಮೆಂಟಿನಂತೆ ಇರುವುದಿಲ್ಲ. ಫಿಲಮೆಂಟ್ ಇಲ್ಲದೆ, ಅನಿಲದಲ್ಲಿ ವಿದ್ಯುತ್ ಹಾಯಿಸಿ ಬೆಳಗುವ ಎಚ್‌ಐಡಿ ಕಿಟ್‌ನದು ಇನ್ನೂ ಕೆಟ್ಟ ಕಥೆ. ಬೆಳಕು ಬಿಳಿಯಾಗಿ ಜೋರಾಗಿ ಕಾಣುತ್ತದೆ, ಬಂಪರ್ ಮುಂದಿನ ನೆಲವೆಲ್ಲ ಬೆಳಗುತ್ತದೆ. ಓಡಿಸುವವರಿಗೆ ಖುಷಿ. ಆದರೆ ದೂರದ ಗುಂಡಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ ಎಂಬ ಖಾತ್ರಿಯಿಲ್ಲ. ಕಣ್ಣು ಹತ್ತಿರದ ಬೆಳಕಿಗೆ ಒಗ್ಗಿಕೊಂಡಷ್ಟೂ ದೂರದ ಕತ್ತಲು ಗಾಢವಾಗುತ್ತದೆ.

ನಿಜಕ್ಕೂ ಬಿಚ್ಚಬೇಕೇ?

ಬೆಳಕು ಮಂಕಾಗಿದೆ ಎಂದು ಹೆಡ್‌ಲೈಟ್ ಬಿಚ್ಚಲು ಹೊರಟವರಲ್ಲಿ ಹೆಚ್ಚಿನವರಿಗೆ ಬಿಚ್ಚುವ ಅಗತ್ಯವೇ ಇರುವುದಿಲ್ಲ ಎಂಬುದು ನನ್ನ ಅನಿಸಿಕೆ. ಎರಡು ವಿಷಯ ಮೊದಲು ನೋಡಿ.

ಒಂದು, ವೋಲ್ಟೇಜ್. ಎಂಜಿನ್ ಓಡುತ್ತಿರುವಾಗ ಲೋ ಬೀಮ್ ಹಾಕಿ. ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಆಮೇಲೆ ಬಲ್ಬಿನ ಹೋಲ್ಡರ್ ಹಿಂಬದಿಯಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿ 13.8 ವೋಲ್ಟ್, ಹೋಲ್ಡರ್‌ನಲ್ಲಿ 12.4 ವೋಲ್ಟ್ ಬಂತು ಎನ್ನೋಣ. ನಷ್ಟ ಹತ್ತು ಪರ್ಸೆಂಟ್ ಅಷ್ಟೇ ಅನಿಸುತ್ತದೆ, ಅಲ್ವಾ? ಹ್ಯಾಲೊಜನ್‌ನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ಹಾಗಾಗಿ ಈ ಹತ್ತು ಪರ್ಸೆಂಟ್ ನಷ್ಟಕ್ಕೆ ಬೆಳಕು ಸುಮಾರು 30 ಪರ್ಸೆಂಟ್ ಕಡಿಮೆಯಾಗುತ್ತದೆ. ಹಳೆ ಕಾರಿನ ತುಕ್ಕು ಹಿಡಿದ ಅರ್ಥಿಂಗ್, ಸವೆದ ಸ್ವಿಚ್, ಸಣಕಲು ವೈರ್ ಇದಕ್ಕೆ ಕಾರಣ. ಅರ್ಥಿಂಗ್ ಉಜ್ಜಿ ಸ್ವಚ್ಛ ಮಾಡಿ, ಒಳ್ಳೆ ರಿಲೇ ವೈರಿಂಗ್ (ಸ್ವಿಚ್ಚಿನ ಮೂಲಕ ಹಾಯಿಸದೆ ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟ್ ಕೊಡುವ ವ್ಯವಸ್ಥೆ) ಹಾಕಿದರೆ ಅದೇ ಬಲ್ಬು ಹೊಸದರಂತೆ ಉರಿಯುತ್ತದೆ. ವಾರಂಟಿ ಇರುವ ಕಾರಾದರೆ ವೈರಿಂಗ್ ನೀವೇ ಮುಟ್ಟಬೇಡಿ, ಸರ್ವಿಸ್ ಸೆಂಟರ್‌ಗೇ ತೋರಿಸಿ.

ಇದರ ಬದಲು 130/100 ವ್ಯಾಟ್ ಬಲ್ಬು ಹಾಕುವುದು ತಪ್ಪು ದಾರಿ. 60 ವ್ಯಾಟ್ ಬಲ್ಬು 5 ಆಂಪಿಯರ್ ಎಳೆದರೆ 130 ವ್ಯಾಟಿನದು ಸುಮಾರು 11 ಆಂಪಿಯರ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್‌ನ ಹೊಳಪು ಸುಟ್ಟು ಹೋಗುತ್ತದೆ.

ಎರಡು, ಲೆನ್ಸ್ ಹಳದಿ ಆಗಿರುವುದು. ಪಾಲಿಕಾರ್ಬನೇಟ್ ಮೇಲೆ ಬಿಸಿಲು ತಡೆಯುವ ಗಟ್ಟಿ ಲೇಪ ಇರುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಹಾಳಾಗಿ, ಕೆಳಗಿನ ಪ್ಲಾಸ್ಟಿಕ್ ಮಂಜಾಗುತ್ತದೆ. ಈ ಹಳದಿ ಬಹುತೇಕ ಹೊರಗಡೆಯದು. ಹೆಡ್‌ಲೈಟ್ ಕಾರಿನಲ್ಲೇ ಇರಲಿ. ಸುತ್ತಲಿನ ಪೇಂಟಿಗೆ ಟೇಪ್ ಅಂಟಿಸಿ. 800, 1000, 1500, 2000 ನಂಬರಿನ ವಾಟರ್ ಪೇಪರನ್ನು ಅದೇ ಕ್ರಮದಲ್ಲಿ, ನೀರು ಹಾಕುತ್ತಾ ಉಜ್ಜಿ. ಕೊನೆಗೆ ಪಾಲಿಶ್ ಮಾಡಿ. ಇಲ್ಲಿಗೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಯಾಕೆಂದರೆ ಉಳಿದಿದ್ದ ರಕ್ಷಣೆಯನ್ನೂ ಉಜ್ಜಿ ತೆಗೆದಾಯಿತು. ಯುವಿ ತಡೆಯುವ ಕ್ಲಿಯರ್ ಕೋಟ್ ಅಥವಾ ಪಾರದರ್ಶಕ ಫಿಲ್ಮ್ ಹಾಕಲೇಬೇಕು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೂ ಹೊಳೆಯುತ್ತದೆ, ಆದರೆ ಅದು ನಾಲ್ಕು ದಿನದ ಚಂದ.

ಬಿಚ್ಚಲೇಬೇಕಾದ ಸಂದರ್ಭಗಳೂ ಇವೆ. ಒಳಗಡೆ ಧೂಳು, ಮಸಿ ಕೂತಿದ್ದರೆ, ಬೆಜೆಲ್ ಸಡಿಲವಾಗಿದ್ದರೆ, ಅಂಟು ಒಣಗಿ ನೀರು ಸೋರುತ್ತಿದ್ದರೆ ಬೇರೆ ದಾರಿಯಿಲ್ಲ. ಅಂದಕ್ಕಾಗಿ ಬೆಜೆಲ್‌ನ ಬಣ್ಣ ಬದಲಿಸಲೂ ಬಿಚ್ಚಲೇಬೇಕು.

ಅಂಟು ಯಾವುದು ಎಂಬುದೇ ಮೊದಲ ಪ್ರಶ್ನೆ

ಅಂಚಿನ ಕಾಲುವೆಯಲ್ಲಿ ಕಾಣುವ ಅಂಟನ್ನು ಸೂಜಿಯಿಂದ ಚುಚ್ಚಿ ನೋಡಿ. ಕಪ್ಪಗೆ, ಮೆತ್ತಗೆ, ಎಳೆದರೆ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಬಂದರೆ ಅದು ಬ್ಯೂಟೈಲ್. ಬಿಸಿ ಮಾಡಿದರೆ ಬಿಡುತ್ತದೆ. ಗಟ್ಟಿಯಾಗಿ ರಬ್ಬರಿನಂತೆ ಇದ್ದು ಸೂಜಿಗೆ ಜಗ್ಗದಿದ್ದರೆ ಅದು ಪಾಲಿಯುರಿಥೇನ್ ಥರದ ಶಾಶ್ವತ ಅಂಟು. ಅದು ಶಾಖಕ್ಕೆ ಕರಗುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಮನೆಯಲ್ಲಿ ಅದಕ್ಕೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ. ಇನ್ನು ಟೇಲ್ ಲೈಟುಗಳಲ್ಲಿ ಅಂಟೇ ಇಲ್ಲದೆ ಪ್ಲಾಸ್ಟಿಕ್ಕನ್ನೇ ಬೆಸೆದಿರುವುದು ಸಾಮಾನ್ಯ. ಅವು ಬಿಚ್ಚಲು ಬರುವುದಿಲ್ಲ. ಎದುರಿನ ವಾಹನ ನೋಡಿ ಬೆಳಕನ್ನು ತಾನೇ ತಿದ್ದಿಕೊಳ್ಳುವ ಮ್ಯಾಟ್ರಿಕ್ಸ್ ಎಲ್‌ಇಡಿ ಕಂಪನಿಯಿಂದಲೇ ಬಂದಿರುವ ದುಬಾರಿ ಹೆಡ್‌ಲೈಟುಗಳನ್ನೂ ಸುಮ್ನೆ ಬಿಟ್ಟುಬಿಡಿ.

ಮೊದಲ ಸಲ ಮಾಡುವವರು ಬೆಂಗಳೂರಿನಲ್ಲಿದ್ದರೆ ಶಿವಾಜಿನಗರದ ಗುಜರಿಯಲ್ಲೋ, ಬೇರೆ ಊರಿನವರು ತಮ್ಮೂರ ಗುಜರಿ ಅಂಗಡಿಯಲ್ಲೋ ಒಂದು ಹಳೆ ಹೆಡ್‌ಲೈಟ್ ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ನಿಮ್ಮ ಕಾರಿನದೇ ಆಗಬೇಕೆಂದಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಯೇ ಕೆಲಸ ಶುರುಮಾಡಿ. ಎಚ್‌ಐಡಿ ಇರುವ ಕಾರಿನಲ್ಲಿ ಇದು ಜೀವದ ಪ್ರಶ್ನೆ. ಆ ದೀಪ ಹೊತ್ತಿಕೊಳ್ಳುವ ಕ್ಷಣದಲ್ಲಿ 20 ಸಾವಿರ ವೋಲ್ಟ್‌ಗೂ ಮೀರಿದ ವಿದ್ಯುತ್ ಬರುತ್ತದೆ. ಬಹಳಷ್ಟು ಕಾರುಗಳಲ್ಲಿ ಹೆಡ್‌ಲೈಟ್ ಹೊರಬರಲು ಬಂಪರ್ ಸಡಿಲಿಸಬೇಕಾಗುತ್ತದೆ. ಹೊರತಂದ ಮೇಲೆ ಬಲ್ಬು, ರಬ್ಬರ್ ಮುಚ್ಚಳ, ವೈರು ಎಲ್ಲವನ್ನೂ ತೆಗೆಯಿರಿ. ಅಂಚಿನ ಸುತ್ತ ಅಡಗಿರುವ ಸ್ಕ್ರೂಗಳನ್ನು ಹುಡುಕಿ ತೆಗೆಯಿರಿ. ಒಂದೇ ಒಂದು ಸ್ಕ್ರೂ ಉಳಿದರೂ ಎಳೆಯುವಾಗ ಲೆನ್ಸ್ ಸೀಳುತ್ತದೆ. ಪ್ರತಿ ಹಂತಕ್ಕೂ ಫೋಟೊ ತೆಗೆದಿಟ್ಟುಕೊಳ್ಳಿ.

ಅಮೆರಿಕದ ವಿಡಿಯೊಗಳಲ್ಲಿ ಹೆಡ್‌ಲೈಟನ್ನು ಅಡುಗೆ ಓವನ್‌ನಲ್ಲಿ ಇಡುವುದನ್ನು ನೋಡಿರುತ್ತೀರಿ. ನಮ್ಮ ಮನೆಗಳ ಒಟಿಜಿಯಲ್ಲಿ ಹೆಡ್‌ಲೈಟ್ ಹಿಡಿಸುವುದೇ ಇಲ್ಲ. ಹಿಡಿಸಿದರೂ ಪ್ಲಾಸ್ಟಿಕ್ ಹೊಗೆ ಆಡಿದ ಓವನ್‌ನಲ್ಲಿ ಆಮೇಲೆ ಕೇಕ್ ಮಾಡುವುದು ಬೇಡ. ನಮಗೆ ಹೀಟ್ ಗನ್ನೇ ಸರಿ. ಬ್ಯೂಟೈಲ್ ಮೆತ್ತಗಾಗಲು 90ರಿಂದ 100 ಡಿಗ್ರಿ ಸೆಲ್ಸಿಯಸ್ ಸಾಕು. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ, ಆದರೆ ಅದಕ್ಕೆ ಬಹಳ ಮೊದಲೇ ಬಾಗಲು ಶುರುವಾಗುತ್ತದೆ. ಪಾಲಿಕಾರ್ಬನೇಟ್ ಮೆತ್ತಗಾಗುವುದು 147 ಡಿಗ್ರಿ ಹೊತ್ತಿಗೆ. ಹೀಟ್ ಗನ್‌ನ ಬಾಯಿಂದ ಬರುವ ಗಾಳಿಯೋ 500 ಡಿಗ್ರಿ ಮುಟ್ಟಬಲ್ಲದು. ಆದ್ದರಿಂದ ಕಡಿಮೆ ಸೆಟ್ಟಿಂಗ್ ಇಡಿ. ಒಂದು ಗೇಣು ದೂರದಿಂದ, ಎಲ್ಲೂ ನಿಲ್ಲಿಸದೆ ಅಂಚಿನುದ್ದಕ್ಕೂ ಆಡಿಸುತ್ತಿರಿ. ಲೆನ್ಸ್‌ನ ನಡುಭಾಗಕ್ಕೆ ಬಿಸಿ ಹಿಡಿಯಬೇಡಿ, ಅಂಟಿರುವ ಕಾಲುವೆಗೆ ಹಿಡಿಯಿರಿ. ಒಂದು ಮೂಲೆ ಮೆತ್ತಗಾದ ಕೂಡಲೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಸ್ವಲ್ಪ ಎಬ್ಬಿಸಿ, ಮುಂದಿನ ತುಂಡಿಗೆ ಹೋಗಿ. ಲೆನ್ಸ್ ಬಿಡುತ್ತಿಲ್ಲ ಎಂದರೆ ಇನ್ನಷ್ಟು ಬಿಸಿ ಬೇಕು ಎಂದರ್ಥ. ಬಲ ಹಾಕಿದರೆ ಚೂಪಾದ ಮೂಲೆಯಲ್ಲೇ ಬಿರುಕು ಬಿಡುತ್ತದೆ.

ಒಳಗೆ ಏನು ಮಾಡಬಹುದು

ಬೆಜೆಲ್‌ಗೆ ಬಣ್ಣ ಹೊಡೆಯುವುದು ಇರುವುದರಲ್ಲೇ ನಿರಪಾಯದ ಬದಲಾವಣೆ. ಅದು ಬೆಳಕಿನ ದಾರಿಯಲ್ಲಿ ಇರುವುದಿಲ್ಲ. ಮ್ಯಾಟ್ ಕಪ್ಪು ಹೊಡೆದರೆ ಒಳಗಿನ ಅಡ್ಡಾದಿಡ್ಡಿ ಪ್ರತಿಫಲನವೂ ಕಡಿಮೆಯಾಗುತ್ತದೆ. ಬೆಜೆಲನ್ನು ಬೇರೆ ಮಾಡಿ, ಹಗುರಾಗಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ತೆಳುವಾಗಿ ಎರಡು ಮೂರು ಕೋಟ್ ಬಣ್ಣ ಹಾಕಿ.

ಇಲ್ಲಿ ಅವಸರ ಮಾಡಿದರೆ ಕೆಲಸವೆಲ್ಲ ಕೆಡುತ್ತದೆ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿದೆ ಎಂದರೆ ಪೂರ್ತಿ ಒಣಗಿದೆ ಎಂದಲ್ಲ. ಹೆಡ್‌ಲೈಟ್ ಮುಚ್ಚಿ, ಬಲ್ಬು ಕಾಯ್ದ ಮೇಲೆ ಬಣ್ಣದಲ್ಲಿ ಉಳಿದಿದ್ದ ಆವಿ ಹೊರಬರುತ್ತದೆ. ಹೋಗಲು ಜಾಗವಿಲ್ಲದೆ ಲೆನ್ಸ್‌ನ ಒಳಮೈಗೆ ಬಿಳಿ ಪೊರೆಯಾಗಿ ಕೂರುತ್ತದೆ. ಮತ್ತೆ ಬಿಚ್ಚದೆ ಅದು ಹೋಗುವುದಿಲ್ಲ. ಹಲವು ದಿನ ಗಾಳಿ ಬಿಸಿಲಿಗೆ ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ಕೂರಿಸಿ. ಇದೇ ಕಾರಣಕ್ಕೆ ಒಳಗೆ ಸೂಪರ್ ಗ್ಲೂ ಬಳಸಬಾರದು, ಅದರ ಆವಿಯೂ ಬಿಳಿ ಪುಡಿಯಾಗಿ ಅಂಟುತ್ತದೆ. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಕೂಡ ಬೇಡ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ರಿಫ್ಲೆಕ್ಟರ್‌ನ ಅಲ್ಯೂಮಿನಿಯಂ ಲೇಪವನ್ನು ತಿನ್ನುತ್ತದೆ. ಸಿಲಿಕೋನ್ ಬೇಕೇ ಬೇಕಾದರೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ.

ಲೆನ್ಸ್‌ನ ಒಳಮೈ ತೊಳೆಯಲು ಸೋಪಿನ ನೀರು ಸಾಕು. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಯಾವುದನ್ನೂ ಹತ್ತಿರ ತರಬೇಡಿ. ಪಾಲಿಕಾರ್ಬನೇಟ್ ಇವುಗಳಿಗೆ ಬಹಳ ಬೇಗ ಸೋಲುತ್ತದೆ. ಒಳಗಿಂದೊಳಗೆ ಜೇಡರ ಬಲೆ ಥರ ಬಿರುಕು ಹಬ್ಬುತ್ತದೆ.

ಪ್ರೊಜೆಕ್ಟರ್ ವಿಷಯ ಬೇರೆ. ಅದರಲ್ಲಿ ಬೆಳಕು ಮೊದಲು ಒಂದು ಬಿಂದುವಿನ ಬಳಿ ಸೇರುತ್ತದೆ. ಅಲ್ಲೊಂದು ತಗಡಿನ ಪರದೆ ಕೆಳಗಿನ ಅರ್ಧವನ್ನು ಮರೆಮಾಡುತ್ತದೆ. ಮುಂದಿನ ದಪ್ಪ ಲೆನ್ಸ್ ಆ ಪರದೆಯ ಅಂಚನ್ನೇ ತಲೆಕೆಳಗಾಗಿ ರಸ್ತೆಯ ಮೇಲೆ ಮೂಡಿಸುತ್ತದೆ. ಗೋಡೆಯ ಮೇಲೆ ಕತ್ತಿಯಲ್ಲಿ ಕೊಯ್ದಂತೆ ಗೆರೆ ಕಾಣುವುದು ಇದರಿಂದ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳುವಾಗ ಒಂದನ್ನು ಮಾತ್ರ ಮರೆಯಬೇಡಿ: ಆ ಗೆರೆಯ ಮೆಟ್ಟಿಲು ಎಡಕ್ಕೆ ಏರಬೇಕು. ಬಲಗಡೆ ಓಡಿಸುವ ದೇಶಗಳ ಮಾಲು ಬಲಕ್ಕೆ ಏರುತ್ತದೆ, ನೇರ ಎದುರಿನವರ ಮುಖಕ್ಕೆ. ಕೂರಿಸುವಾಗ ಪ್ರೊಜೆಕ್ಟರ್ ಸ್ವಲ್ಪ ತಿರುಗಿದರೂ ಗೆರೆ ಓರೆಯಾಗುತ್ತದೆ. ಎತ್ತರವನ್ನು ಆಮೇಲೆ ಸ್ಕ್ರೂನಿಂದ ತಿದ್ದಬಹುದು, ಈ ಓರೆಯನ್ನು ತಿದ್ದಲಾಗದು. ಹಾಗಾಗಿ ಹೊರಗಿನ ಲೆನ್ಸ್ ಅಂಟಿಸುವ ಮೊದಲೇ ಗೋಡೆಗೆ ಬೆಳಕು ಬಿಟ್ಟು ನೋಡಬೇಕು.

ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ತಡೆ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಇಂಥ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕೇಂದ್ರ ಮೋಟಾರು ವಾಹನ ನಿಯಮ 106ರ ಪ್ರಕಾರ ದೀಪದಿಂದ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ನಿಯಮ 108ರಂತೆ ಮುಂಭಾಗಕ್ಕೆ ಕೆಂಪು ಬೆಳಕು ತೋರಿಸುವಂತೆಯೇ ಇಲ್ಲ. ಪ್ರೊಜೆಕ್ಟರ್ ಒಳಗೆ ಕೆಂಪು ಕಣ್ಣು ಕೂರಿಸುವ ಶೋಕಿ ಅಲ್ಲಿಗೆ ಮುಗಿಯಿತು. ಕಣ್ಣು ಕುಕ್ಕುವ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ರಾಜ್ಯದಾದ್ಯಂತ ಕಾರ್ಯಾಚರಣೆಯನ್ನೇ ನಡೆಸಿದರು. ಪ್ರೊಜೆಕ್ಟರ್ ಬೇಕೇ ಬೇಕು ಎನ್ನುವವರು ಅದೇ ಮಾದರಿಯ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಡುವ ಪೂರ್ತಿ ಹೆಡ್‌ಲೈಟ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಅದರ ಬೆಳಕನ್ನು ಯಾರೋ ಅಳೆದು ಒಪ್ಪಿರುತ್ತಾರೆ.

ಮತ್ತೆ ಮುಚ್ಚುವುದು

ಹಳೆ ಬ್ಯೂಟೈಲನ್ನು ಕೆರೆದು ಪೂರ್ತಿ ತೆಗೆದು, ಹೊಸ ಬ್ಯೂಟೈಲ್ ಹುರಿಯನ್ನು ಕಾಲುವೆಯ ಉದ್ದಕ್ಕೂ ಒಂದೇ ಎಳೆಯಾಗಿ ಕೂರಿಸಿ. ಎರಡು ತುದಿ ಸೇರುವಲ್ಲಿ ಒಂದರ ಮೇಲೊಂದು ಬರಲಿ, ಆ ಜೋಡಣೆ ಮೇಲ್ಭಾಗದಲ್ಲಿ ಬೇಡ. ಎಳೆಯುವಾಗ ಹುರಿ ಹಿಗ್ಗಿ ತೆಳುವಾದ ಕಡೆಯೇ ನೀರು ದಾರಿ ಹುಡುಕುತ್ತದೆ. ಮತ್ತೆ ಬಿಸಿ ಮಾಡಿ, ಲೆನ್ಸ್ ಒತ್ತಿ, ಸ್ಕ್ರೂ ಹಾಕಿ, ಕ್ಲಾಂಪ್ ಬಿಗಿದು ತಣ್ಣಗಾಗಲು ಬಿಡಿ.

ಅಂಟಿಸಿದ ಮೇಲೂ ಭಯಕ್ಕೆ ಹಿಂದಿನ ರಂಧ್ರಗಳಿಗೆಲ್ಲ ಸಿಲಿಕೋನ್ ಮೆತ್ತುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೀಪ ಉರಿದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಆ ರಂಧ್ರಗಳು ಇರುವುದು ಗಾಳಿ ಹೋಗಿ ಬರಲಿ, ತೇವ ಹೊರಬೀಳಲಿ ಎಂದೇ. ಮುಚ್ಚಿದರೆ ಕುಗ್ಗುವ ಗಾಳಿ ಅಂಟಿನ ಸಣ್ಣ ಸಂದಿನಿಂದ ನೀರನ್ನೇ ಒಳಗೆಳೆಯುತ್ತದೆ. ಆಗುಂಬೆ, ಚಾರ್ಮಾಡಿ ಕಡೆ ಮಳೆಯಲ್ಲಿ ಓಡಿಸಿ ನಿಲ್ಲಿಸಿದಾಗ ಲೆನ್ಸ್ ಒಳಗೆ ತೆಳುವಾಗಿ ಮಂಜು ಕಟ್ಟಿ, ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಕರಗಿದರೆ ಚಿಂತೆಯಿಲ್ಲ. ಹನಿಗಳು ಇಳಿದು ತಳದಲ್ಲಿ ನೀರು ನಿಂತರೆ ಮಾತ್ರ ಸೋರುತ್ತಿದೆ ಎಂದು ತಿಳಿಯಿರಿ. ಕಾರಿಗೆ ಕೂರಿಸುವ ಮೊದಲು ಪೈಪಿನಿಂದ ಅಂಚಿನ ಸುತ್ತ ಐದಾರು ನಿಮಿಷ ನೀರು ಬಿಟ್ಟು ನೋಡುವುದು ಒಳ್ಳೆಯದು. ಹಿಂದಿನ ರಬ್ಬರ್ ಮುಚ್ಚಳ ಹರಿದಿದ್ದರೆ ಅದನ್ನೂ ಬದಲಿಸಿ. ಎಷ್ಟೋ ಸಲ ನೀರು ಬರುವುದು ಅಲ್ಲಿಂದಲೇ.

ಕೊನೆಗೆ ಬೆಳಕಿನ ಎತ್ತರ. ಸಮತಟ್ಟು ನೆಲ, ಟೈರಿನಲ್ಲಿ ಸರಿಯಾದ ಗಾಳಿ, ಚಾಲಕರ ಸೀಟಿನಲ್ಲಿ ಒಬ್ಬರು, ಡ್ಯಾಶ್‌ಬೋರ್ಡಿನ ಲೆವೆಲಿಂಗ್ ನಾಬ್ ಸೊನ್ನೆಯಲ್ಲಿ. ಕಾರನ್ನು ಗೋಡೆಗೆ ತೀರಾ ಹತ್ತಿರ ತಂದು ಎರಡೂ ದೀಪದ ನಡುಬಿಂದುವನ್ನು ಗೋಡೆಯ ಮೇಲೆ ಗುರುತಿಸಿ. ನೇರವಾಗಿ 10 ಮೀಟರ್ ಹಿಂದಕ್ಕೆ ಬನ್ನಿ. ಲೋ ಬೀಮ್‌ನ ಮೇಲಂಚು ಆ ಗುರುತಿಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು. ದೀಪದ ಎತ್ತರ ನೆಲದಿಂದ 80 ಸೆಂಟಿಮೀಟರ್ ಒಳಗಿರುವ ಮಾಮೂಲಿ ಕಾರುಗಳಿಗೆ ಇದು ಸರಿಹೊಂದುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅಷ್ಟು ಜಾಗ ಸಿಗದಿದ್ದರೆ 5 ಮೀಟರ್‌ಗೆ 5ರಿಂದ 7 ಸೆಂಟಿಮೀಟರ್ ಲೆಕ್ಕ ಹಿಡಿಯಿರಿ. ಕೆಟ್ಟ ರಸ್ತೆಯಲ್ಲಿ ಒಂದೆರಡು ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ, ಹೊಸದಾಗಿ ಕೂರಿಸಿದ ಭಾಗಗಳು ಸ್ವಲ್ಪ ಕದಲಿರಬಹುದು. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬಿಸಿಕೊಂಡು ಊರಿಗೆ ಹೊರಟರೆ ಕಾರಿನ ಮೂತಿ ಮೇಲೇಳುತ್ತದೆ, ಬೆಳಕೂ ಅದರ ಜೊತೆ ಮೇಲೇಳುತ್ತದೆ. ಆಗ ಆ ನಾಬನ್ನು ಸೊನ್ನೆಯಿಂದ ಒಂದೆರಡು ಮನೆ ತಿರುಗಿಸಿ ಬೆಳಕನ್ನು ತಗ್ಗಿಸಬೇಕು.